ನಾಲ್ಕು ಪೆಟ್ಟಿಗೆ, ನಾಲ್ಕು ಬೆರಳು

ಚಿಕ್ಕಜಾಜೂರಿನ ರೈಲ್ವೆ ಕ್ವಾರ್ಟರ್ಸಿನಲ್ಲಿ ಸಿಗ್ನಲ್ ವಿಭಾಗದ ಓಬಳೇಶನಷ್ಟು ಅಳತೆಯ ಮನುಷ್ಯ ಇನ್ನೊಬ್ಬನಿರಲಿಲ್ಲ. ವರ್ಗವಾದಾಗಲೆಲ್ಲ ದೊಡ್ಡ ಬೀರು ಬಾಗಿಲಲ್ಲಿ ಸಿಕ್ಕಿಕೊಳ್ಳುವುದು ಸಾಕಾಗಿ, ೧೯೯೮ರಲ್ಲಿ ಅದನ್ನು ಮಾರಿ ಹೊಸ ನಕ್ಷೆ ಬರೆದ. ಎರಡೆರಡು ಅಡಿ ಅಗಲದ ನಾಲ್ಕು ಮರದ ಪೆಟ್ಟಿಗೆ. ಬೋಲ್ಟು ಹಾಕಿದರೆ ಒಂದೇ ಕಪಾಟು, ಬಿಚ್ಚಿದರೆ ನಾಲ್ಕು ಹೊರೆ. ಮೂಲೆಯಿಂದ ಬಾಗಿಲ ಚೌಕಟ್ಟಿನವರೆಗೆ ಗೋಡೆ ಸರಿಯಾಗಿ ಎಂಟಡಿ.

ಎದುರುಗೋಡೆಯ ಕತ್ತಲೆ ಒಳಮೂಲೆಯಲ್ಲಿದ್ದ ಗಂಟುಮೂಟೆಯೆಲ್ಲ ಕಪಾಟು ಸೇರಿದರೆ ಹೆಂಡತಿ ಅನುಸೂಯಳ ಹೊಲಿಗೆ ಯಂತ್ರಕ್ಕೆ ಅಲ್ಲಿ ಜಾಗ. ಇಲ್ಲದಿದ್ದರೆ ಭಾನುವಾರ ಅದು ಅವಳ ಅಕ್ಕ ಬಸಮ್ಮನ ಜೊತೆ ಭೀಮಸಮುದ್ರಕ್ಕೆ ಹೋಗುವುದೆಂದು ಮಾತಾಗಿತ್ತು.

ಶನಿವಾರ ಪೆಟ್ಟಿಗೆಗಳು ಬಂದವು. ಸಾಲಾಗಿ ಇಟ್ಟರೆ ಕೊನೆಯದು ಚೌಕಟ್ಟು ದಾಟಿತು. ಬಾಗಿಲು ಮುಚ್ಚಲಿಲ್ಲ.

ಓಬಳೇಶ ಗೋಡೆ ಅಳೆದ. ಎಂಟಡಿ. ನಕ್ಷೆ ನೋಡಿದ. ನಾಲ್ಕೆರಡಲೆ ಎಂಟು. ಪೆಟ್ಟಿಗೆ ಅಳೆದರೆ ಪ್ರತಿಯೊಂದೂ ಎರಡಡಿ, ಮೇಲೊಂದು ಬೆರಳು. ಮರ ಹಿಗ್ಗಿತೇ? ಈ ಒಣಗಾಳಿಗೆ ಕುಗ್ಗಬೇಕಿತ್ತು. ಹಿಗ್ಗಿದರೂ ನಾಲ್ಕೂ ಮಾತಾಡಿಕೊಂಡಂತೆ ಒಂದೇ ಸಮ ಹಿಗ್ಗುತ್ತವೆಯೇ?

ಬಡಗಿ ಮುರುಗೇಶಪ್ಪನನ್ನೇ ಕರೆದು ತಂದ.

"ಒಂದು ಬೆರಳು ಹೆಚ್ಚಿಗೆ ಐತಲ್ರಿ?"

"ಮತ್ತೆ? ಮದುವೇಲಿ ಮುಯ್ಯಿ ಮಾಡುವಾಗ ನೂರರ ಮ್ಯಾಲೆ ಒಂದ್ರುಪಾಯಿ ಇಡಲ್ವೇನಪ್ಪ? ಹಂಗೇ ಇದು. ಮನೆ ಸಾಮಾನು ಬೆಳೀಲಿ ಅಂತ ಒಂದು ಬೆರಳು ಬಿಡ್ತೀನಿ."

"ನಾಕಕ್ಕೂ ಬಿಟ್ರಾ?"

"ಒಂದಕ್ಕೆ ಬಿಟ್ಟು ಮೂರಕ್ಕೆ ಬಿಡದಿದ್ರೆ ನ್ಯಾಯನಾ?"

"ನಾಕೂ ಸೇರಿ ಒಂದೇ ಅಲ್ವೇನ್ರಿ!"

"ಒಂದೇ ಆಗಿದ್ರೆ ಒಂದೇ ಮಾಡಿಸ್ಬೇಕಿತ್ತು. ನಾಕು ಮಾಡಿಸಿ ಒಂದೇ ಅಂತೀಯಲ್ಲ."

ಓಬಳೇಶ ಕೊಯ್ದು ಸರಿಮಾಡಿ ಎಂದರೆ, ಬೆಳೆಯಲೆಂದು ಬಿಟ್ಟದ್ದನ್ನು ತನ್ನ ಕೈಯಿಂದ ಕೊಯ್ಯುವುದಿಲ್ಲವೆಂದು ಮುರುಗೇಶಪ್ಪ ಹೊರಟೇಬಿಟ್ಟ.

"ಯಂತ್ರ ಅಕ್ಕನಿಗೇ ಹೋಗ್ಲಿ ಬಿಡ್ರಿ," ಎಂದಳು ಅನುಸೂಯ, ಪೆಟ್ಟಿಗೆಗಳ ಕಡೆ ತಿರುಗುತ್ತಾ. "ಅಲ್ರೀ, ಹೆಂಗಾದ್ರೂ ಜೋಡಿಸ್ಬೌದು ಅಂತ ಮೂರು ತಿಂಗ್ಳಿಂದ ಹೇಳ್ತಿದ್ದಿದ್ದು ಯಾರು?"

"ನಾನೇ."

"ಮತ್ತೆ ಎತ್ರಿ."

ಎರಡರ ಮೇಲೆ ಎರಡು ಕೂತವು. ಬೋಲ್ಟಿನ ತೂತುಗಳು ಮೇಲೂ ಇದ್ದವು, ಅವನೇ ಇಡಿಸಿದ್ದು. ಬಾಗಿಲು ಮುಚ್ಚಿತು. ಗೋಡೆಗುಂಟ ಅರ್ಧ ಜಾಗ ಉಳಿಯಿತು. ಅನುಸೂಯ ಯಂತ್ರವನ್ನು ಕತ್ತಲೆಯ ಒಳಮೂಲೆಗೆ ಒಯ್ಯಲಿಲ್ಲ, ಬಾಗಿಲ ಬಳಿಯೇ ಎಳೆದುಕೊಂಡಳು.

ಓಬಳೇಶ ನಕ್ಷೆ ಹಿಡಿದು ನಿಂತ. ಪೆಟ್ಟಿಗೆಗಳು ನಕ್ಷೆಯಂತೆ ಬಂದಿದ್ದರೆ ಇವಳು ಕತ್ತಲಲ್ಲಿ ಕೂತು ಹೊಲಿಯಬೇಕಿತ್ತು. ಹಾಗಾದರೆ ತಪ್ಪಿದ್ದು ಯಾವುದು? ಬೆರಳೋ, ನಕ್ಷೆಯೋ?

"ಆಮೇಲೆ ಯೋಚ್ನೆ ಮಾಡೋರಂತೆ," ಎಂದಳು ಅನುಸೂಯ, ಸೂಜಿಗೆ ದಾರ ಪೋಣಿಸುತ್ತಾ. "ಬೆಳಕಿಗೆ ಅಡ್ಡ ನಿಂತೀರಿ, ಅತ್ಲಾಗೆ ಸರೀರಿ."