ರುದ್ರಾಣಿಯ ಮೂರೂವರೆ ಔನ್ಸು

ಚಾಮರಾಜಪೇಟೆಯ ರುದ್ರಾಣಿಗೆ ಅಡುಗೆಮನೆಯಲ್ಲಿ ನೆಮ್ಮದಿ ತಪ್ಪಿದ್ದು ಐವತ್ತೊಂದನೇ ಇಸವಿಯಲ್ಲಿ. ಗಂಡ ಏಕಾಂತಯ್ಯನವರ ಎಡಗಾಲಿನ ಹುಣ್ಣು ಮೂರು ತಿಂಗಳಾದರೂ ಮಾಯಲಿಲ್ಲ. ಡಾಕ್ಟರು ಸಕ್ಕರೆ ಕಾಯಿಲೆ ಎಂದರು. ಸಕ್ಕರೆ ಇಳಿಯದಿದ್ದರೆ ಕಾಲು ತೆಗೆಯಬೇಕಾಗುತ್ತದೆ ಎಂದೂ ಹೇಳಿ ಚೀಟಿ ಬರೆದುಕೊಟ್ಟರು. ಹೊತ್ತಿಗೆ ಅಕ್ಕಿ ಮೂರೂವರೆ ಔನ್ಸು.

ಮನೆಯಲ್ಲಿ ಸೇರು, ಪಾವು, ಅರೆಪಾವು ಇದ್ದವು, ತಕ್ಕಡಿ ಇರಲಿಲ್ಲ. ರುದ್ರಾಣಿ ಅರೆಪಾವನ್ನೂ ಅಕ್ಕಿಯ ಗಂಟನ್ನೂ ಹಿಡಿದು ದವಾಖಾನೆಗೆ ಹೋದಳು. ಕಾಂಪೌಂಡರ್ ಬದರೀನಾರಾಯಣ ಅರೆಪಾವು ತುಂಬಿ, ರಟ್ಟಿನಿಂದ ಬಾಯಿಮಟ್ಟಕ್ಕೆ ಸವರಿ, ತೂಗಿ ನೋಡಿದ. ಸರಿಯಾಗಿ ಮೂರೂವರೆ.

“ಹೊತ್ತಿಗೊಂದು ಅರೆಪಾವು. ಅಷ್ಟೇ ಕಣಮ್ಮ.”

ಅಷ್ಟೇ ಆಗಲಿಲ್ಲ. ವಾರಕ್ಕೊಮ್ಮೆ ಅವನು ಮೂತ್ರಕ್ಕೆ ನೀಲಿ ಔಷಧಿ ಬೆರೆಸಿ ಕಾಯಿಸುತ್ತಿದ್ದ. ಸಕ್ಕರೆ ಕಡಿಮೆಯಿದ್ದರೆ ಹಸಿರು, ಹೆಚ್ಚಿದ್ದರೆ ಇಟ್ಟಿಗೆಯ ಬಣ್ಣ. ಪ್ರತಿ ವಾರವೂ ಇಟ್ಟಿಗೆಯ ಬಣ್ಣವೇ ಬಂತು. ರುದ್ರಾಣಿ ಬೆಲ್ಲದ ಡಬ್ಬಿಗೆ ಬೀಗ ಹಾಕಿದಳು. ಹಾಲಿನವಳ ಜೊತೆ ಜಗಳವಾಡಿದಳು. ಗಂಡನ ಕೋಟಿನ ಜೇಬನ್ನು ಮೂಸಿ ನೋಡಿದಳು.

“ಏನೇ ಅದು, ಮಸಾಲೆದೋಸೆ ಹುಡುಕ್ತಿದೀಯಾ?” ಎಂದರು ಏಕಾಂತಯ್ಯ. “ಈ ಕಾಲಿಟ್ಕೊಂಡು ನಾನು ಹೋಟ್ಲು ಮುಟ್ಟೋಷ್ಟ್ರಲ್ಲಿ ಅವ್ರು ಬಾಗ್ಲು ಹಾಕಿರ್ತಾರೆ.”

ಅವಳು ಇನ್ನೊಂದು ಜೇಬನ್ನೂ ಮೂಸಿದಳು.

ಒಂದು ಬೆಳಿಗ್ಗೆ ಇಂಜೆಕ್ಷನ್ ಕೊಡಲು ಬಂದ ಬದರೀನಾರಾಯಣ ಅಡುಗೆಮನೆಯ ಬಾಗಿಲಲ್ಲಿ ನಿಂತುಬಿಟ್ಟ. ರುದ್ರಾಣಿ ಅಕ್ಕಿ ಅಳೆಯುತ್ತಿದ್ದಳು.

“ಅಮ್ಮಾ, ಅದ್ರ ಮೇಲೆ ಗೋಪುರ ಯಾಕೆ?”

ಅರೆಪಾವಿನ ಮೇಲೆ ಅಕ್ಕಿ ಗೋಪುರದಂತೆ ನಿಂತಿದ್ದನ್ನು ರುದ್ರಾಣಿ ಆಗ ನೋಡಿದಳು. ಅಳತೆಗೆ ತಲೆ ಕಟ್ಟುವುದು ಅವಳ ಕೈಗೆ ಚಿಕ್ಕಂದಿನಿಂದ ಅಂಟಿದ ಅಭ್ಯಾಸ.

“ಹೊತ್ತಿಗೆ ಅರ್ಧ ಔನ್ಸಾದ್ರೂ ಜಾಸ್ತಿ ಹೋಗ್ತಿದೆ. ಸವರಿಬಿಡಿ.”

ಅವಳು ಅಂಗೈ ಎತ್ತಿದಳು. ಪಡಸಾಲೆಯಿಂದ ಅತ್ತೆ ಗುರುಬಸಮ್ಮನ ದನಿ ಬಂತು. “ಗಂಡನ ಪಾಲಿನ ಅಕ್ಕಿಗೆ ತಲೆ ಸವರ್ತೀಯೇನೇ? ನಮ್ಮತ್ತೆ ಒಂದೇ ಒಂದ್ಸಲ ಸವರಿದ್ರು. ಮಾವನೋರು ಅವತ್ತೇ ಹೋದ್ರು.”

ಇಂಥ ಮಾತುಗಳನ್ನು ರುದ್ರಾಣಿ ನಂಬುವವಳಲ್ಲ. ಆದರೂ ಎತ್ತಿದ ಕೈ ಇಳಿಯಲಿಲ್ಲ. ಕೊನೆಗೆ ಒಂದು ಚಿಟಿಕೆ ಅಕ್ಕಿ ತೆಗೆದಳು, ಇನ್ನೊಂದು ಚಿಟಿಕೆ ತೆಗೆದಳು, ಮತ್ತೆ ಒಂದು ಹಾಕಿದಳು. ಆ ದಿನ ಏಕಾಂತಯ್ಯನವರು ಉಣ್ಣುವಾಗ ಅವರ ಮುಖ ನೋಡಲು ಅವಳಿಗಾಗಲಿಲ್ಲ.

ಮಧ್ಯಾಹ್ನ ಖಾಲಿ ಹಾಲುಪುಡಿ ಡಬ್ಬಿಯೊಂದನ್ನು ಹಿಡಿದು ತಗಡಿನ ಕೆಲಸದವನ ಹತ್ತಿರ ಹೋದಳು. ತಲೆ ಕಟ್ಟಿ ಅಳೆದರೂ ಮೂರೂವರೆ ಔನ್ಸೇ ಹಿಡಿಯುವಂತೆ ಅದನ್ನು ಗಿಡ್ಡ ಮಾಡಬೇಕಿತ್ತು.

“ಎಷ್ಟು ಅಂಗುಲ ಅಂತ ಹೇಳಿ, ಕತ್ತರಿಸ್ತೀನಿ.”

“ಅಂಗುಲ ನಂಗೊತ್ತಿಲ್ಲ. ಅಂಚಿಂದ ಒಂದು ನೂಲಿನಷ್ಟು ತಗಡು ತೆಗಿ, ತೂಗಿಸ್ಕೊಂಡು ಬರ್ತೀನಿ.”

ಬಿಸಿಲಿನಲ್ಲಿ ಅವನ ಅಂಗಡಿಗೂ ದವಾಖಾನೆಗೂ ಐದು ಸಲ ಅಲೆದಳು. ನಾಲ್ಕನೆಯ ಸಲ ಅವನು ಕತ್ತರಿ ಕೆಳಗಿಟ್ಟ. “ಏನಮ್ಮಾ, ಡಬ್ಬಿ ಮಾಡಿಸ್ತಿದೀರೋ, ಒಡವೇನೋ?”

“ಕಾಲು ಮಾಡಿಸ್ತಿದೀನಪ್ಪ. ಇನ್ನೊಂದು ನೂಲು ತೆಗಿ.”

ಎರಡು ತಿಂಗಳಿಗೆ ಔಷಧಿ ಹಸಿರಿಗೆ ತಿರುಗಿತು, ಹುಣ್ಣಿನ ಅಂಚು ಕೂಡತೊಡಗಿತು. ಗುರುಬಸಮ್ಮ ತಮ್ಮ ಮಾತು ಗೆದ್ದಿತೆಂದುಕೊಂಡರು, ಸೊಸೆ ಎದುರಾಡಲಿಲ್ಲ. ಅವಳ ಚಿಂತೆ ಬೇರೆಯಿತ್ತು. ರೇಷನ್ನಿನಲ್ಲಿ ಹೊಸ ಅಕ್ಕಿ ಬಂದರೆ ಒಂದು ತೂಕ, ಹಳೆಯದಾದರೆ ಒಂದು ತೂಕ, ನುಚ್ಚು ಸೇರಿದ್ದರೆ ಮತ್ತೊಂದು. ಪ್ರತಿ ಸಲ ಅಕ್ಕಿ ತಂದಾಗಲೂ ಡಬ್ಬಿ ಹಿಡಿದು ದವಾಖಾನೆಗೆ ಓಡುತ್ತಿದ್ದಳು. ಏಳು ವರ್ಷ ಓಡಿದಳು.

ಹೋದ ತಿಂಗಳು ನಾಲ್ಕು ದಿನದ ಜ್ವರದಲ್ಲಿ ರುದ್ರಾಣಿ ತೀರಿಕೊಂಡಳು. ಏಕಾಂತಯ್ಯನವರಿಗೆ ಜಟಕಾ ತರಿಸೋಣವೆಂದರು ಬಂದವರು. ಅವರು ಬೇಡವೆಂದು ಕೈಯಾಡಿಸಿ, ಬಿಸಿಲಿನಲ್ಲಿ ರುದ್ರಭೂಮಿಯವರೆಗೂ ನಡೆದೇ ಹೋದರು.