ತವರಿನ ಸುದ್ದಿ ತರುತ್ತಿದ್ದ ಭಾಯಿ

ಹೋದ ವಾರ ಕಾಯಿಪಲ್ಲೆ ತರಲು ಹೋದವಳು ದಾರಿಯಲ್ಲೇ ನಿಂತುಬಿಟ್ಟೆ. ರಸ್ತೆ ಬದಿಯಲ್ಲಿ ಒಬ್ಬಾತ ಸೈಕಲ್ಲಿನ ಟ್ಯೂಬು ಬಿಚ್ಚಿಕೊಂಡು ಪಂಕ್ಚರ್ ಹಾಕುತ್ತಿದ್ದ. ಉಜ್ಜಿದ ರಬ್ಬರು, ಅದರ ಮೇಲೆ ಬೆರಳಿನಿಂದ ಸವರಿದ ಸಲೂಷನ್ನು... ಆ ಘಾಟು ಮೂಗಿಗೆ ಬಡಿದದ್ದೇ ತಡ, ನನಗೆ ನಮ್ಮವ್ವ ಬಡಿಯುತ್ತಿದ್ದ ಸಜ್ಜೆ ರೊಟ್ಟಿ ನೆನಪಾಯಿತು. ಯಾರಿಗಾದರೂ ಹೇಳಿದರೆ ಮುದುಕಿಗೆ ಅರಳುಮರಳು ಅಂದಾರು. ಅನ್ನಲಿ ಬಿಡಿ. ನನ್ನ ತವರಿನ ರೊಟ್ಟಿ ಅದೇ ವಾಸನೆ ಹೊತ್ತುಕೊಂಡು ಬರುತ್ತಿತ್ತು, ಅದಕ್ಕೆ ನಾನೇನು ಮಾಡಲಿ?

ಎಪ್ಪತ್ತರ ದಶಕದ ಮಾತು. ಕಾಖಂಡಕಿಯಿಂದ ವಿಜಾಪುರಕ್ಕೆ ಸೊಸೆಯಾಗಿ ಬಂದಿದ್ದೆ. ದೂರವೇನಲ್ಲ, ಆದರೆ ದೂರವನ್ನು ಅಳೆಯುತ್ತಿದ್ದವಳು ನಮ್ಮ ಅತ್ತೆ. ಪಂಚಮಿಗೆ ಒಮ್ಮೆ, ದೀಪಾವಳಿಗೆ ಒಮ್ಮೆ ಕಳಿಸುತ್ತಿದ್ದಳು, ನಡುವೆ ಹೆಸರೆತ್ತಿದರೆ ಮುಖ ಗಂಟಿಕ್ಕುತ್ತಿದ್ದಳು. ನಾನು ನಮ್ಮವ್ವನಿಗೆ ಒಬ್ಬಳೇ ಮಗಳು. ಅಪ್ಪ ತೀರಿಕೊಂಡ ಮೇಲೆ ಅವ್ವ, ಚಿಕ್ಕವ್ವ ಇಬ್ಬರೇ ಎಮ್ಮೆ ಸಾಕಿಕೊಂಡು ಇದ್ದರು. ಓಣಿಯ ನಳದ ಹತ್ತಿರ ಕೊಡ ತುಂಬುವಾಗ ನೀರಿನ ಸಪ್ಪಳದಲ್ಲಿ ಅಳುವುದನ್ನು ನಾನು ಚೆನ್ನಾಗಿ ಕಲಿತಿದ್ದೆ.

ಅದನ್ನು ಕಂಡುಹಿಡಿದವನು ಪಕ್ಕದ ಮನೆಯ ಭಾಯಿ. ಓಣಿಯವರಿಗೆಲ್ಲ ಅವನು ಭಾಯಿಯೇ. ಹಗಲು ಸೈಕಲ್ ರಿಪೇರಿ ಅಂಗಡಿ ಅವನ ನೆಪ, ನಿಜವಾದ ಕಸುಬು ಸೈಕಲ್ ಪಂದ್ಯ. ಜಮಖಂಡಿ, ಮೀರಜ, ಸೊಲ್ಲಾಪುರ, ಎಲ್ಲಿ ಪಂದ್ಯವಿದ್ದರೂ ಹೋಗುತ್ತಿದ್ದ, ಬಹುಮಾನದಲ್ಲಿ ಮನೆ ನಡೆಸುತ್ತಿದ್ದ. ಆ ದಿನ ಗಾಲಿ ತೊಳೆಯಲು ನಳಕ್ಕೆ ಬಂದವನು ನನ್ನ ಮುಖ ನೋಡಿ, "ನಿಮ್ಮೂರ ಯಾವುದ ತಂಗಿ?" ಎಂದು ಕೇಳಿದ. ಹೇಳಿದೆ. "ಅಯ್ಯ, ದಿನಾ ಮುಂಜಾನಿ ನಾ ಬಬಲೇಶ್ವರ ದಾಟಿ ಅಲ್ಲಿತನಕಾ ಪ್ರ್ಯಾಕ್ಟೀಸಿಗೆ ಹೋಗತೇನಿ. ಅವ್ವಗ ಏನರ ಹೇಳೂದಿದ್ರ ಹೇಳ."

ಅಂದಿನಿಂದ ನನ್ನ ತವರಿನ ಬಾಗಿಲು ತೆರೆಯಿತು. ನಸುಕಿನಲ್ಲಿ ಹೋಗಿ, ನಾನು ಕಸ ಹೊಡೆದು ರಂಗೋಲಿ ಹಾಕಿ ಒಲೆ ಹೊತ್ತಿಸುವಷ್ಟರಲ್ಲಿ ತಿರುಗಿ ಬರುತ್ತಿದ್ದ. ನಟ್ಟು ತಿರುವುವ ಪಾನ, ಸಲೂಷನ್ನು ಇಟ್ಟುಕೊಳ್ಳುವ ಕ್ಯಾನ್ವಾಸ್ ಚೀಲದಲ್ಲೇ ಅವ್ವ ಕೊಟ್ಟ ಗಂಟೂ ಇರುತ್ತಿತ್ತು. ರೊಟ್ಟಿ, ಶೇಂಗಾ ಹಿಂಡಿ, ಒಮ್ಮೊಮ್ಮೆ ಹಿತ್ತಲಿನ ಅಬ್ಬಲಿ ಹೂವು. ಸುದ್ದಿಯಂತೂ ಬಾಯಿಪಾಠ. "ಎಮ್ಮಿ ಈದೈತಿ, ಹೆಣ್ಣಗರು. ಚಿಕ್ಕವ್ವನ ಮೊಣಕಾಲ ನೋವು ಕಡಿಮಿ ಆಗೇತಿ. ನೀ ಬಡವಾಗೀಯೇನಂತ ಕೇಳ್ಯಾಳ. ಇಲ್ಲ, ಉಂಡ ಉಂಡ ದುಂಡಗಾಗ್ಯಾಳ ಅಂದೇನಿ." ನಾನು ನಕ್ಕರೆ ಅತ್ತೆಯ ಕಡೆ ಕಣ್ಣು ಹಾಯಿಸಿ ಇನ್ನೂ ಜೋರಾಗಿ ಹೇಳುತ್ತಿದ್ದ, "ನಿಮ್ಮವ್ವ ಮಾತಿಗೆ ನಿಂತ್ರ ಬಿಡೂದಿಲ್ಲವಾ. ನನ್ನ ಪ್ರ್ಯಾಕ್ಟೀಸ ಎಲ್ಲಾ ಹಾಳ ಮಾಡ್ಯಾಳ." ಅತ್ತೆಗೂ ಅಬ್ಬಲಿ ಹೂವಿನಲ್ಲಿ ಪಾಲು ಸಿಗುತ್ತಿತ್ತು, ಹಾಗಾಗಿ ಸುಮ್ಮನಿರುತ್ತಿದ್ದಳು.

ಒಂದು ವರ್ಷ ವಿಜಾಪುರದಲ್ಲೇ ದೊಡ್ಡ ಪಂದ್ಯ ಇಟ್ಟರು. ತಿಕೋಟಾ ರಸ್ತೆಯ ಸುಂಕದ ನಾಕಾದ ಆಚೆಯಿಂದ ಹೊರಟು ತಿಕೋಟಾ, ಅಲ್ಲಿಂದ ಕಚ್ಚಾ ರಸ್ತೆ ಹಿಡಿದು ಬಬಲೇಶ್ವರ, ಮತ್ತೆ ವಿಜಾಪುರ. ನಿಶಾನೆ ತೋರಿಸಲು ಮಂತ್ರಿಗಳು ಬರುತ್ತಾರೆಂದು ಊರೆಲ್ಲ ಸುಣ್ಣ ಬಳಿದದ್ದೇ ಬಳಿದದ್ದು. ಆದರೆ ಭಾಯಿಗೆ ಮಂತ್ರಿಗಳ ಚಿಂತೆ ಇರಲಿಲ್ಲ. ಪುಣೆ ಕಡೆಯ ಒಂದು ಕಾರ್ಖಾನೆಯ ಸಾಹೇಬರು ಬರುವವರಿದ್ದರು. ಅವರು ಸೈಕಲ್ ಪಟುಗಳಿಗೆ ಕಾರ್ಖಾನೆಯಲ್ಲಿ ಕಾಯಂ ನೌಕರಿ ಕೊಟ್ಟು ತಮ್ಮ ತಂಡಕ್ಕೆ ಸೇರಿಸಿಕೊಳ್ಳುತ್ತಿದ್ದರಂತೆ. ಭಾಯಿಗೆ ವಯಸ್ಸು ದಾಟುತ್ತಿತ್ತು. ಮನೆಯಲ್ಲಿ ಮುದಿ ತಾಯಿ, ಗಂಡ ಬಿಟ್ಟ ತಂಗಿ, ಅವಳ ಮಕ್ಕಳು. "ಇದೊಂದ ಸಲ ತಂಗಿ. ಈ ಸಲ ಆಗಲಿಲ್ಲಂದ್ರ ಸಾಯೂತನಕಾ ಪಂಕ್ಚರ್ ತಿದ್ದೂದ," ಎಂದಿದ್ದ.

ಅವನು ಗೆಲ್ಲಲಿ ಎಂದು ನಾನು ದೇವರಿಗೆ ಕೈ ಮುಗಿದೆ. ಗೆದ್ದರೆ ಪುಣೆಗೆ ಹೋಗುತ್ತಾನೆ, ನನಗೆ ಇನ್ನು ಕಾಖಂಡಕಿಯ ಸುದ್ದಿ ತರುವವರು ಯಾರು ಎಂದು ಅದೇ ದೇವರ ಮುಂದೆ ಕಣ್ಣೀರು ಹಾಕಿದೆ. ದೇವರಿಗೂ ತಲೆ ಕೆಟ್ಟಿರಬೇಕು.

ಪಂದ್ಯದ ಹಿಂದಿನ ದಿನ ಸೈಕಲ್ಲನ್ನು ಬೋಳಿಸುವುದು ಭಾಯಿಯ ಪದ್ಧತಿ. ಮಡ್‌ಗಾರ್ಡು, ಕ್ಯಾರಿಯರು, ಸ್ಟ್ಯಾಂಡು, ಗಂಟೆ, ದೀಪ ಎಲ್ಲ ಕಳಚುತ್ತಿದ್ದ. ಎಲ್ಲ ಪಂದ್ಯದವರೂ ಅಷ್ಟು ಮಾಡುತ್ತಿದ್ದರು. ನಮ್ಮ ಭಾಯಿ ಒಂದು ಹೆಜ್ಜೆ ಮುಂದೆ, ಮುನಸಿಪಾಲಿಟಿಯ ಬಿಲ್ಲೆಯನ್ನೂ ಕಿತ್ತುಬಿಡುತ್ತಿದ್ದ. ಆಗ ಸೈಕಲ್ಲಿಗೂ ಕರ ಇತ್ತು, ಕಟ್ಟಿದ್ದಕ್ಕೆ ಗುರುತಾಗಿ ಒಂದು ಪುಟ್ಟ ಹಿತ್ತಾಳೆ ಬಿಲ್ಲೆ ಕೊಡುತ್ತಿದ್ದರು. ಅದನ್ನು ತೆಗೆದರೆ ಎಷ್ಟು ಹಗುರಾದೀತು ಎಂದು ಓಣಿಯವರೆಲ್ಲ ಚಾಷ್ಟಿ ಮಾಡುತ್ತಿದ್ದರು. ಅವನು ಕೇಳಬೇಕಲ್ಲ. ಬಿಚ್ಚಿದ್ದನ್ನೆಲ್ಲ ಹಳೆಯ ಲುಂಗಿಯಲ್ಲಿ ಕಟ್ಟಿ ನಮ್ಮ ಮನೆಯಲ್ಲಿ ಇಡುತ್ತಿದ್ದ, ಯಾಕೆಂದರೆ ಅವನ ಮನೆಯಲ್ಲಿ ತಂಗಿಯ ಮಕ್ಕಳು ಗಂಟೆಯನ್ನು ಉಳಿಸುತ್ತಿರಲಿಲ್ಲ.

ಪಂದ್ಯದ ಮುಂಜಾನೆ ಓಣಿಯ ಗಂಡಸರೆಲ್ಲ ತಿಕೋಟಾ ರಸ್ತೆಗುಂಟ ನಿಲ್ಲಲು ಹೋಗಿದ್ದರು, ನಮ್ಮ ಮನೆಯವರೂ ಹೋಗಿದ್ದರು. ಭಾಯಿ ಹೊರಟು ಇನ್ನೂ ಬಹಳ ಹೊತ್ತಾಗಿರಲಿಲ್ಲ, ಹಾಲಿನವನು ಓಡಿ ಬಂದ. ನಾಕಾದ ಹತ್ತಿರ ಭಾಯಿಯನ್ನು ಪೊಲೀಸರು ಹಿಡಿದಿದ್ದಾರೆ ಎಂದ. ಮಂತ್ರಿಗಳ ಬಂದೋಬಸ್ತಿಗೆ ಹೊರಗಿನಿಂದ ಬಂದ ಪೊಲೀಸರು, ಅವರಿಗೆ ಇವನ ಗುರುತಿಲ್ಲ. ಪಂದ್ಯದ ನಂಬರು ಕೊಡುವುದು ರಸ್ತೆಗೆ ಅಡ್ಡ ಕಟ್ಟಿದ ಹಗ್ಗದ ಆಚೆ, ಇವನು ಇನ್ನೂ ಈಚೆ. ಗಂಟೆ ಇಲ್ಲ, ದೀಪ ಇಲ್ಲ, ಬಿಲ್ಲೆಯೂ ಇಲ್ಲ, ಕಳವಿನ ಸೈಕಲ್ಲೇ ಇದು ಎಂದಿದ್ದಾರೆ. ಬಂದ ಬೇರೆಯವರ ಸೈಕಲ್ಲಿಗೆ ಬಿಲ್ಲೆಯಾದರೂ ಇತ್ತು, ಅವರನ್ನು ಬಿಟ್ಟಿದ್ದಾರೆ. ನಮ್ಮವನ ನಾಲಗೆಯೂ ಸುಮ್ಮನಿರುವುದಲ್ಲ. "ನಾ ಇಲ್ಲಂದ್ರ ಇವತ್ತಿನ ಪಂದ್ಯಾನ ಇಲ್ಲ," ಎಂದು ಹಗ್ಗ ಎತ್ತಿ ನುಗ್ಗಿದ್ದಾನೆ. ಪೊಲೀಸಪ್ಪ ಹ್ಯಾಂಡಲ್ ಹಿಡಿದು ಜಗ್ಗಿದ್ದಾನೆ. ಇಬ್ಬರೂ ಮಣ್ಣಿಗೆ ಬಿದ್ದು, ಪೊಲೀಸಪ್ಪನ ಟೊಪ್ಪಿಗೆ ಉರುಳಿದೆ. ಇನ್ನೇನು ಬೇಕು?

ಭಾಯಿಯ ತಾಯಿ ನಮ್ಮ ಹೊಸ್ತಿಲ ಮೇಲೆ ಕುಸಿದು ಕೂತಳು. ಅವಳಿಗೆ ಕಣ್ಣು ಮಂಜು. ನಾನು ಬಿಲ್ಲೆ ಇದ್ದ ಲುಂಗಿಯ ಗಂಟನ್ನು ಎದೆಗೆ ಅವಚಿಕೊಂಡು ನಿಂತಿದ್ದೆ. ಮನೆ ಬಿಟ್ಟು ಒಬ್ಬಳೇ ಓಣಿಯ ತುದಿ ದಾಟಿದವಳಲ್ಲ. ಅತ್ತೆ ಬೈಯುತ್ತಾಳೆಂದು ಅವಳ ಮುಖವನ್ನೇ ನೋಡುತ್ತಿದ್ದೆ.

"ಮಾರಿ ನೋಡ್ಕೋತ ಏನ ನಿಂತಿ? ತಲಿ ಮ್ಯಾಲ ಸೆರಗ ಹಾಕ್ಕೊಂಡ ನಡಿ. ಯಾರರ ಕೇಳಿದ್ರ ನಮ್ಮತ್ತಿ ಕಳಿಸ್ಯಾಳಂತ ಹೇಳ," ಎಂದಳು ಅತ್ತೆ.

ಆ ಮುದುಕಿಯ ಮೇಲಿನ ಎಷ್ಟೋ ಸಿಟ್ಟು ಆ ಒಂದು ಮಾತಿಗೆ ಇಳಿದುಹೋಯಿತು. ನಡೆಯುವುದೇನು, ಓಡಿದೆ. ಸಂತೆಗೆ ಹೊರಟವರು ನಿಂತು ನೋಡಿದರು. ಲುಂಗಿಯ ಗಂಟಿನೊಳಗೆ ಸೈಕಲ್ ಗಂಟೆ ಹೆಜ್ಜೆಗೊಮ್ಮೆ ಠಿಣ್ ಠಿಣ್ ಅನ್ನುತ್ತಿತ್ತು. ನಾಚಿಕೆಯಿಂದ ಸಾಯುವಂತಾಯಿತು, ಆದರೂ ನಿಲ್ಲಲಿಲ್ಲ.

ನಾಕಾದ ಚೌಕಿಯಲ್ಲಿ ಭಾಯಿ ನೆಲದ ಮೇಲೆ ಕೂತಿದ್ದ. ಮೊಣಕೈ ತರಚಿತ್ತು. ಹೊರಗೆ ಜನ ಹೋ ಎಂದು ಕೂಗಿದ ಸದ್ದು ಕೇಳಿತು, ಪಂದ್ಯ ಬಿಟ್ಟಿದ್ದರು. ಆ ಕೂಗಿಗೆ ಅವನು ಕಣ್ಣು ಮುಚ್ಚಿಕೊಂಡ. ಗೋಡೆಗೆ ತಲೆ ಆನಿಸಿದ.

ನಾನು ಹವಾಲ್ದಾರರ ಮೇಜಿನ ಮೇಲೆ ಗಂಟು ಬಿಚ್ಚಿದೆ. ಅವರು ಬಿಲ್ಲೆ ಎತ್ತಿ ನೋಡಿದರು. ವಯಸ್ಸಾದ ಮನುಷ್ಯ, ಬಿಳಿ ಮೀಸೆ.

"ನೀ ಯಾರವಾ? ಇಂವ ನಿನಗ ಏನಾಗಬೇಕು?"

"ನಮ್ಮ ಅಣ್ಣರಿ."

ಅವರು ನನ್ನ ಕುಂಕುಮ ನೋಡಿದರು, ಅವನ ಗಡ್ಡ ನೋಡಿದರು. "ಅಣ್ಣ?"

ನನಗೆ ಎಲ್ಲಿಂದ ಧೈರ್ಯ ಬಂತೋ. "ದಿನಾ ಮುಂಜಾನಿ ತವರಮನಿ ಸುದ್ದಿ ತರಾಂವ ಅಣ್ಣ ಅಲ್ದ ಮತ್ಯಾರರಿ?" ಎಂದೆ. ಸೆರಗಿನಿಂದ ಬಾಯಿ ಮುಚ್ಚಿಕೊಂಡೆ.

ಹವಾಲ್ದಾರರು ಬಿಲ್ಲೆಯನ್ನು ನನ್ನ ಕಡೆ ಸರಿಸಿದರು. ಟೊಪ್ಪಿಗೆ ಬಿದ್ದ ಪೊಲೀಸಪ್ಪನಿಗೆ ಭಾಯಿ ತಪ್ಪಾಯಿತೆಂದು ಹೇಳಬೇಕು ಎಂದರು, ಅವನು ಹೇಳಿದ. "ಗಂಟಿ, ಬಿಲ್ಲೆ ಹಚ್ಚಿಕೊಂಡ ಹೋಗ. ಅವಿಲ್ಲದ ನಾ ಬಿಡಾಂವಲ್ಲ," ಎಂದರು. ಭಾಯಿ ಎರಡನ್ನೂ ತಿರುಪಿ ಬಿಗಿದ. ಹತ್ತುವ ಮುಂಚೆ ನನ್ನ ತಲೆ ಮೇಲೆ ಒಮ್ಮೆ ಕೈ ಇಟ್ಟ, ಅಷ್ಟೇ. ಧೂಳಿನಲ್ಲಿ ಕರಗಿಹೋದ.

ಮುಂದಿನದು ನಮ್ಮ ಮನೆಯವರು ಹೇಳಿದ್ದು. ತಿಕೋಟಾದ ಹತ್ತಿರ ಕಾರ್ಖಾನೆಯ ಸಾಹೇಬರು ಜೀಪಿನಲ್ಲಿ ಪಂದ್ಯದವರ ಹಿಂದೆ ಹೋಗುತ್ತಿದ್ದರಂತೆ. ಹಿಂದಿನಿಂದ ಗಂಟೆ ಬಾರಿಸುತ್ತ ದಾರಿ ಕೇಳುವವನು ಯಾರಪ್ಪಾ ಎಂದು ತಿರುಗಿದರೆ ನಮ್ಮ ಭಾಯಿ. ಜೀಪನ್ನು ಬದಿಗೆ ಸರಿಸಿ ಮುಂದೆ ಹೋದನಂತೆ. ಕಚ್ಚಾ ರಸ್ತೆಯುದ್ದಕ್ಕೂ ಒಬ್ಬೊಬ್ಬರನ್ನೇ ದಾಟುತ್ತ ಬಂದ. ಬಬಲೇಶ್ವರದಿಂದ ಈಚೆಗಿನದು ಅವನ ದಿನದ ದಾರಿ, ಅಂಗೈ ಗೆರೆಯಷ್ಟು ಪರಿಚಯ. ಆದರೂ ಮೊದಲನೆಯವನಾಗಲಿಲ್ಲ, ನಾಲ್ಕನೆಯವನಾದ. ಗೆದ್ದವನ ಕೊರಳಿಗೆ ಮಾಲೆ ಬೀಳುತ್ತಿದ್ದಾಗ ಸಾಹೇಬರು ಮಾತ್ರ ಇವನನ್ನು ಹುಡುಕಿಕೊಂಡು ಬಂದರಂತೆ. ಎಲ್ಲಿಂದ ಹೊರಟು ಎಲ್ಲಿ ಬಂದಿದ್ದಾನೆಂದು ಅವರು ಕಣ್ಣಾರೆ ಕಂಡಿದ್ದರು. ನೌಕರಿ ಆಯಿತು.

ಓಣಿಗೆಲ್ಲ ಸಕ್ಕರೆ ಹಂಚಿದರು. ನಾನೂ ತಿಂದೆ. ಅವನು ಬೆಳಗಿನ ಬಸ್ಸಿಗೆ ಹೋಗುವಾಗ, "ನಿಮ್ಮವ್ವಗ ಹೇಳಿ ಬಂದೇನಿ ತಂಗಿ. ಭಾಳ ಅತ್ತಳು," ಎಂದ. ನಾನು ಅಳಲಿಲ್ಲ. ಮರುದಿನ ಮುಂಜಾನೆ ರಂಗೋಲಿ ಹಾಕುತ್ತ ಕೂತವಳು ಎಷ್ಟು ಹೊತ್ತಾದರೂ ಎದ್ದಿಲ್ಲವಂತೆ. ಅತ್ತೆ ಬಂದು ಎಬ್ಬಿಸಿದಳು, ಬೈಯಲಿಲ್ಲ.

ಮುಂದಿನ ಚಳಿಗಾಲದಲ್ಲಿ ಅವ್ವ ತೀರಿಕೊಂಡಳು. ಜ್ವರ ಬಂದು ಮಲಗಿದ್ದಳೆಂಬುದೇ ನನಗೆ ಗೊತ್ತಿರಲಿಲ್ಲ. ಯಾರೋ ಬಸ್ಸಿನವರ ಕೈಯಲ್ಲಿ ಹೇಳಿಕಳಿಸಿದ ಮಾತು ಬಾಯಿಂದ ಬಾಯಿಗೆ ದಾಟಿ ಬಂದು ಮುಟ್ಟುವಷ್ಟರಲ್ಲಿ ಮಣ್ಣು ಮಾಡಿ ಮುಗಿದಿತ್ತು. ಭಾಯಿ ಇದ್ದಿದ್ದರೆ ಜ್ವರದ ಮೊದಲ ದಿನವೇ ನನಗೆ ತಿಳಿಯುತ್ತಿತ್ತು. ಅವನನ್ನು ಕಳಿಸಿಕೊಡಲು ಓಡಿದವಳು ನಾನೇ. ಓಡಿದ್ದಕ್ಕೆ ಪಶ್ಚಾತ್ತಾಪ ಇಲ್ಲ, ಇವತ್ತು ಕರೆದರೂ ಓಡುತ್ತೇನೆ. ಆದರೆ ಅವ್ವನ ಮುಖ ಸಿಗಲಿಲ್ಲ...

ಆಮೇಲೆ ಒಂದು ಸಲ ಅವನು ರಜೆಗೆ ಬಂದ. ಪ್ಯಾಂಟು, ಕೈಗಡಿಯಾರ, ಸ್ವಲ್ಪ ಮೈ ಬಂದಿತ್ತು. ನಮ್ಮ ಬಾಗಿಲಲ್ಲಿ ನಿಂತು ಹಳೆಯ ಹಾಗೆಯೇ ಕೇಳಿದ, "ನಾಳೆ ಮುಂಜಾನಿ ಕಾಖಂಡಕಿತನಕಾ ಹೊಂಟೇನಿ ತಂಗಿ. ಅವ್ವಗ ಏನರ ಹೇಳೂದೈತೇನ?"

ಅವನಿಗೆ ಯಾರೂ ತಿಳಿಸಿರಲಿಲ್ಲ. ನಾನು ಹೇಳಿದೆ. ಅವನು ಕಟ್ಟೆಯ ಮೇಲೆ ಕೂತು ಬಹಳ ಹೊತ್ತು ಕೈಗಡಿಯಾರವನ್ನು ತಿರುಗಿಸುತ್ತಿದ್ದ. ಮರುದಿನ ಹೋಗಲಿಕ್ಕಿಲ್ಲ ಅಂದುಕೊಂಡೆ. ಆದರೆ ನಸುಕಿನಲ್ಲಿ ಪಕ್ಕದ ಮನೆಯ ಚಿಲಕ ಸರಿದ ಸದ್ದಾಯಿತು. ಒಲೆ ಹೊತ್ತಿಸುವ ಹೊತ್ತಿಗೆ ತಿರುಗಿ ಬಂದು, ಬರಿಗೈಯಲ್ಲಿ ಬಾಗಿಲ ಮುಂದೆ ನಿಂತ.

"ಹೋಗಿ ಬಂದೆ ತಂಗಿ. ಚಿಕ್ಕವ್ವ ಮಗಳ ಊರಾಗ ಇರಾಕ ಹೋಗ್ಯಾಳಂತ. ಬಾಗಲಾ ಹಾಕಿತ್ತು."

ತವರಿನಿಂದ ನನಗೆ ಬಂದ ಕೊನೆಯ ಸುದ್ದಿ ಅದು.

ಮುಂದೆ ಅವನು ತಾಯಿ, ತಂಗಿ, ಮಕ್ಕಳನ್ನು ಕರೆದುಕೊಂಡು ಹೋದ. ಆ ಮನೆಯಲ್ಲಿ ಈಗ ಬೇರೆಯವರಿದ್ದಾರೆ, ಒಳ್ಳೆಯ ಜನ. ಕಾಖಂಡಕಿಗೆ ಒಮ್ಮೆ ಹೋಗಿ ಬರೋಣ ಬಾ ಎಂದು ಮಗ ಕರೆಯುತ್ತಾನೆ. ಯಾರ ಮನೆಯ ಮುಂದೆ ಇಳಿಯೋಣ ಎಂದು ನಾನು ಕೇಳುತ್ತೇನೆ. ಭಾಯಿ ಇದ್ದರೆ ಈಗ ಎಂಬತ್ತು ದಾಟಿರುತ್ತಾನೆ. ಇದ್ದಾನೋ ಇಲ್ಲವೋ ನನಗೆ ಗೊತ್ತಿಲ್ಲ. ಆ ಕಡೆಯಿಂದ ಬಂದು ಹೇಳುವವರು ಯಾರೂ ಇಲ್ಲ.