ನುಚ್ಚಿನ ಡ್ರಮ್ಮಿಗೆ ಬಂದ ನೀರು

ಮಗಳ ಸೀಮಂತ ಮುಗಿಸಿಕೊಂಡು ಬಂದ ಮಾರನೆಯ ದಿನವೇ ನಾನು ಹಿತ್ತಲಿನಲ್ಲಿ ಕೋಳಿಗೂಡು ಕಟ್ಟಿಸಿದೆ. ಚೊಚ್ಚಲ ಹೆರಿಗೆಗೆ ಅವಳು ನಮ್ಮ ಮನೆಗೇ ಬರುವುದು. ಬಾಣಂತಿಗೆ ನಾಟಿ ಕೋಳಿ ಸಾರು ಮಾಡಿ ಹಾಕಬೇಕು. ಅಂಗಡಿಯ ಕೋಳಿ ನನಗೆ ಆಗದು. ನಾಟಿ ಎಂದು ಹೇಳಿ ಏನನ್ನು ತೂಗಿ ಕೊಡುತ್ತಾರೋ ಬಲ್ಲವರು ಯಾರು? ಘಾಟಿ ರಸ್ತೆಯ ಬದಿಯಲ್ಲಿ ಬೆಂಗಳೂರಿನ ಕಾರುಗಳಿಗೆಂದು ಬುಟ್ಟಿಯಲ್ಲಿ ಕೂರಿಸಿಕೊಂಡು ಮಾರುವ ಕೋಳಿಗಳನ್ನು ನೋಡಿದ್ದೇನೆ. ಅವುಗಳ ಕಾಲು ನೋಡಿದರೇ ಗೊತ್ತಾಗುತ್ತದೆ, ಊರಿನ ಮಣ್ಣು ಕೆದಕಿದ ಕಾಲಲ್ಲ ಅದು. ನನ್ನ ಮಗಳ ತಟ್ಟೆಗೆ ಬೀಳುವುದು ನನ್ನ ಕಣ್ಣೆದುರು ಬೆಳೆದದ್ದೇ ಆಗಿರಬೇಕೆಂದು ಹಟ ಹಿಡಿದೆ.

ಅನುಮಾನ ನನ್ನ ಹುಟ್ಟುಗುಣ. ಹಾಲಿನವನು ನಕ್ಕರೆ ಇವತ್ತು ನೀರು ಜಾಸ್ತಿ ಬೆರೆಸಿದ್ದಾನೆ ಅಂದುಕೊಳ್ಳುತ್ತೇನೆ, ನಗದಿದ್ದರೂ ಹಾಗೇ ಅಂದುಕೊಳ್ಳುತ್ತೇನೆ. ನಮ್ಮ ಮನೆಯವರು ಇದಕ್ಕೆ ತಲೆ ಕೆಡಿಸಿಕೊಳ್ಳುವುದನ್ನು ಎಂದೋ ಬಿಟ್ಟಿದ್ದಾರೆ.

ಗೂಡಿಗೆ ತಂದು ಬಿಟ್ಟ ಎರಡು ತಿಂಗಳ ಮರಿಗಳು ಚೆನ್ನಾಗಿಯೇ ಬೆಳೆದವು. ಮಳೆ ಹಿಡಿಯುವ ಹೊತ್ತಿಗೆ ಹೇಂಟೆಗಳು ಮೈ ತುಂಬಿಕೊಂಡು ಓಡಾಡುತ್ತಿದ್ದವು. ದಿನಾ ಬೆಳಿಗ್ಗೆ ಕಾಫಿ ಲೋಟ ಹಿಡಿದು ಗೂಡಿನ ಮುಂದೆ ಕುಕ್ಕರಗಾಲಲ್ಲಿ ಕೂರುತ್ತಿದ್ದೆ. ಕೆಂಪು ಹೇಂಟೆ ಇದ್ದದ್ದರಲ್ಲಿ ದಪ್ಪ. ಅದನ್ನು ಮೊದಲ ವಾರಕ್ಕೆಂದು ಮನಸ್ಸಿನಲ್ಲೇ ಎತ್ತಿಟ್ಟಿದ್ದೆ.

ಮಳೆಗೆ ನಾನು ತಯಾರಾಗಿರಲಿಲ್ಲ ಎಂದು ಯಾರೂ ಹೇಳುವಂತಿಲ್ಲ. ಗೂಡಿನ ಮೇಲೆ ತಗಡಿನ ಶೀಟು, ಗಾಳಿ ಬರುವ ದಿಕ್ಕಿಗೆ ಟಾರ್ಪಾಲು, ನೆಲಕ್ಕೆ ದಪ್ಪಗೆ ಭತ್ತದ ಹೊಟ್ಟು. ಒದ್ದೆಯಾದ ಹೊಟ್ಟನ್ನು ಅವತ್ತವತ್ತೇ ಬಳಿದು ತೆಗೆದು ಒಲೆಯ ಬೂದಿ ಎರಚುತ್ತಿದ್ದೆ. ಶೀಟಿನ ನೀರು ಒಳಗೆ ಸಿಡಿಯದಂತೆ ಸುತ್ತ ಕಾಲುವೆ ತೋಡಿಸಿದ್ದೆ. ಮುಸುಕಿನ ಜೋಳದ ನುಚ್ಚು ಮತ್ತು ಅಂಗಡಿಯ ಫೀಡು ಬೆರೆಸಿ ನೀಲಿ ಪ್ಲಾಸ್ಟಿಕ್ ಡ್ರಮ್ಮಿಗೆ ತುಂಬಿ, ಡ್ರಮ್ಮನ್ನು ಇಟ್ಟಿಗೆಗಳ ಮೇಲೆ, ಜಗುಲಿಯ ಒಳಮೂಲೆಯಲ್ಲಿ ಕೂರಿಸಿದ್ದೆ. ಅಲ್ಲಿಗೆ ಎರಚಲು ಕೂಡ ಬರುವುದಿಲ್ಲ.

ಆದರೂ ನುಚ್ಚು ಒದ್ದೆಯಾಯಿತು.

ಮೊದಲು ಗೊತ್ತಾದದ್ದು ವಾಸನೆಯಿಂದ. ಮುಚ್ಚಳ ತೆಗೆದರೆ ಹುಳಿ ಹುಳಿಯಾದ ಮುಗ್ಗಲು ವಾಸನೆ. ಸೇರು ಆಳಕ್ಕೆ ಇಳಿಸಿದರೆ ನುಚ್ಚು ಗಂಟುಗಂಟಾಗಿ ಬಂತು, ಗಂಟು ಒಡೆದರೆ ಒಳಗೆ ಹಸಿರು ಬೂಷ್ಟು. ಕೋಳಿಗಳು ನೀರಿನ ಬಾಂಡ್ಲಿ ಬಿಟ್ಟು ಕದಲುತ್ತಿರಲಿಲ್ಲ. ಕುಡಿದದ್ದೇ ಕುಡಿದದ್ದು, ಹಿಕ್ಕೆ ನೀರು ನೀರು. ವಾರ ತುಂಬುವಷ್ಟರಲ್ಲಿ ಕೆಂಪು ಹೇಂಟೆ ರೆಕ್ಕೆ ಇಳಿಬಿಟ್ಟು ಮೂಲೆ ಸೇರಿತು. ಮತ್ತೆ ಏಳಲಿಲ್ಲ. ನಾನು ಅತ್ತುಬಿಟ್ಟೆ. ಕೋಳಿ ಸತ್ತರೆ ಅಳುತ್ತಾರಾ ಎಂದು ಮನೆಯವರು ನಕ್ಕರು. ನನಗೆ ಸತ್ತದ್ದು ಕೋಳಿಯಲ್ಲ, ಮಗಳ ಬಾಣಂತನದ ಮೊದಲ ವಾರ. ಅದು ಗಂಡಸರಿಗೆ ಹೇಗೆ ಅರ್ಥವಾಗಬೇಕು?

ಮೊದಲು ದೊಡ್ಡಬಳ್ಳಾಪುರದ ಫೀಡಿನ ಅಂಗಡಿಗೆ ಹೋಗಿ ಅದರ ಮಾಲೀಕ ಸಾಹೇಬರ ಮೇಲೆ ಹಾರಾಡಿದೆ. ಬೂಷ್ಟು ಹಿಡಿದ ಗಂಟನ್ನು ಕವರಿನಲ್ಲಿ ಕಟ್ಟಿಕೊಂಡು ಹೋಗಿದ್ದೆ. ಅವರು ಅದನ್ನು ಬೆರಳಲ್ಲಿ ಉಜ್ಜಿ ನೋಡಿ, ಹೊಸ ಮೂಟೆಯೊಂದರ ಬಾಯಿ ಬಿಚ್ಚಿ ನನ್ನ ಮುಂದಿಟ್ಟರು. "ಕೈ ಹಾಕಿ ನೋಡಿ ಅಮ್ಮಾ. ನಮ್ಮ ಮಾಲು ಬೆಲ್ಲದ ಪುಡಿ ತರ ಉದುರ್ತದೆ. ನೀರು ನಿಮ್ಮನೇಲೇ ಎಲ್ಲೋ ಸೇರ್ತಾ ಐತೆ" ಎಂದರು. ಕೈ ಹಾಕಿದೆ. ಒಣಗಿಯೇ ಇತ್ತು. ನನಗೆ ತೋರಿಸಲೆಂದೇ ಆ ಮೂಟೆಯನ್ನು ಬೇರೆ ಇಟ್ಟಿರಬೇಕು ಎಂದುಕೊಂಡು ಬಸ್ಸು ಹತ್ತಿದೆ.

ಆದರೆ "ನಿಮ್ಮನೇಲೇ ಎಲ್ಲೋ" ಅನ್ನುವ ಮಾತು ತಲೆಯಲ್ಲಿ ಕೊರೆಯತೊಡಗಿತು. ಜಗುಲಿಗೂ ಪಕ್ಕದ ಮನೆಗೂ ನಡುವೆ ಇರುವುದು ಮೊಳಕಾಲೆತ್ತರದ ಗೋಡೆ. ಪಕ್ಕದ ಮನೆಯಾಕೆ ಗೂಡು ಕಟ್ಟಿದ ದಿನದಿಂದ ಮೂಗಿಗೆ ಸೆರಗು ಹಿಡಿದೇ ನನ್ನ ಜೊತೆ ಮಾತಾಡುವುದು. ಮಳೆ ಬಂದು ನಾತ ಹೆಚ್ಚಿದ ಮೇಲಂತೂ, "ಅಕ್ಕಾ, ಇವನ್ನ ಯಾವಾಗ ಕುಯ್ತೀಯ?" ಎಂದು ಎರಡೆರಡು ಸಲ ಕೇಳಿದ್ದಳು. ಹಾಗೆ ಕೇಳಿದವಳಿಗೆ ಒಂದು ಚೊಂಬು ನೀರು ಸುರಿಯುವುದು ದೊಡ್ಡದಾ?

ಮುಗ್ಗಿದ ನುಚ್ಚನ್ನು ಮೇಲಿಂದ ಬಳಿದು ಎಸೆದು, ಹೊಸದನ್ನು ಸುರಿದು, ಡ್ರಮ್ಮಿನ ಬಾಯಿಗೆ ಕಬ್ಬಿಣದ ಪಟ್ಟಿ ಬಿಗಿಸಿ ಬೀಗ ಹಾಕಿದೆ. ಕೋಳಿಗೆ ಹಾಕುವ ನುಚ್ಚಿಗೆ ಬೀಗ ಹಾಕಿದವಳು ತಾಲ್ಲೂಕಿನಲ್ಲಿ ನಾನೊಬ್ಬಳೇ ಇರಬೇಕು. ನಾನು ಬೆಳಿಗ್ಗೆ ಹಾಲಿನ ಡೇರಿಗೆ, ಆಮೇಲೆ ತೋಟಕ್ಕೆ ಹೋಗುವವಳು. ಹಗಲು ಮನೆಯಲ್ಲಿ ಇರುವವರು ಅತ್ತೆ ಒಬ್ಬರೇ. ಇಡೀ ಊರಿನಲ್ಲಿ ನಾನು ಅನುಮಾನಪಡದೆ ಉಳಿದಿದ್ದವರೂ ಅವರೊಬ್ಬರೇ. ಬೀಗದ ಕೈಯನ್ನು ಅವರ ಎಲೆಅಡಿಕೆ ಚೀಲಕ್ಕೆ ಹಾಕಿ, "ಅತ್ತೆ, ನೀವೇ ಕಾಳು ಹಾಕಿ, ಪಕ್ಕದವರ ಮೇಲೆ ಒಂದು ಕಣ್ಣಿಡಿ" ಎಂದೆ. ಅವರು ತಲೆಯಾಡಿಸಿದರು.

ಬೀಗ ಬಿದ್ದ ಮೇಲೆ ತೇವ ಇನ್ನೂ ಹೆಚ್ಚಿತು. ಇನ್ನೊಂದು ಹೇಂಟೆ ಹೋಯಿತು. ಮಗಳು ಬರುವ ದಿನ ಹತ್ತಿರವಾಗುತ್ತಿತ್ತು, ಗೂಡು ಖಾಲಿಯಾಗುತ್ತಿತ್ತು. ಒಂದು ಮಧ್ಯಾಹ್ನ ಮಳೆ ಬಿಟ್ಟು ಬಿಸಿಲು ಬಂದಾಗ ಡ್ರಮ್ಮನ್ನು ಅಂಗಳಕ್ಕೆ ಉರುಳಿಸಿ, ತಳ ಮೇಲೆ ಮಾಡಿ, ಪೂರ್ತಿ ಸುರಿದುಬಿಟ್ಟೆ. ಮುಷ್ಟಿ ಗಾತ್ರದ ಬಟ್ಟೆಯ ಗಂಟೊಂದು ಹೊರಗೆ ಬಿತ್ತು. ನೀರಲ್ಲಿ ಅದ್ದಿ ತೆಗೆದಂತೆ ತೊಟ್ಟಿಕ್ಕುತ್ತಿತ್ತು. ಕಡ್ಡಿಯಲ್ಲಿ ಬಿಡಿಸಿದೆ. ಒಳಗೆ ಕಲ್ಲುಪ್ಪು, ಒಣಮೆಣಸಿನಕಾಯಿ, ಇದ್ದಿಲು.

ಮಾಟ. ಇನ್ನೇನು ಬೇಕು ಸಾಕ್ಷಿಗೆ?

ಗಂಟನ್ನು ಕಡ್ಡಿಯ ತುದಿಗೆ ಸಿಕ್ಕಿಸಿಕೊಂಡು ಗೋಡೆಯ ಹತ್ತಿರ ಹೋಗಿ ಪಕ್ಕದ ಮನೆಯಾಕೆಯನ್ನು ಕೂಗಿದೆ. ಅವಳು ಬಂದಳು, ಸೆರಗು ಮೂಗಿಗೆ ಹಿಡಿದೇ.

"ಏನಿದು?" ಎಂದೆ.

"ನನ್ನ ಕೇಳ್ತೀಯಲ್ಲಕ್ಕಾ, ನಿನ್ನ ಕೋಳಿಗೆ ಮಾಟ ಮಾಡ್ಸೋಕೆ ನನಗೇನು ಬೇರೆ ಬದುಕಿಲ್ವಾ?" ಎಂದು ಅವಳು ಗಂಟನ್ನೇ ದಿಟ್ಟಿಸಿದಳು. "ಮೊದ್ಲು ಆ ಬಟ್ಟೆ ನೋಡು. ನಿಮ್ಮತ್ತೆ ಹಳೇ ಸೀರೆ ಅಂಚು ಅದು. ಈ ತಂತಿ ಮೇಲೆ ಒಣಗೋದನ್ನ ದಿನಾ ನೋಡ್ತೀನಿ ನಾನು."

ನೋಡಿದೆ. ಹಸಿರು ಅಂಚು, ಅದರೊಳಗೆ ಸಣ್ಣ ಹಳದಿ ಗೆರೆ. ಆ ಸೀರೆಯನ್ನು ಒಗೆದು ಹಾಕುವವಳು ನಾನೇ.

ಅತ್ತೆ ಪಡಸಾಲೆಯಲ್ಲಿ ಮೊರ ಇಟ್ಟುಕೊಂಡು ಅಕ್ಕಿಯ ಕಲ್ಲು ಆರಿಸುತ್ತಿದ್ದರು. ಕಡ್ಡಿಯನ್ನೂ ಗಂಟನ್ನೂ ಅವರ ಮುಂದೆ ಹಿಡಿದೆ. ಅವರು ತಬ್ಬಿಬ್ಬಾಗಲಿಲ್ಲ.

"ಅಯ್ಯೋ, ತೆಗೆದ್ಬಿಟ್ಯಾ? ನಿನ್ನೆ ಇನ್ನೂ ಉಪ್ಪು ಬದಲಾಯ್ಸಿದ್ನಲ್ಲ."

"ಬದಲಾಯ್ಸಿದ್ರಾ?"

"ಮತ್ತೆ? ಹಾಕಿದ ಉಪ್ಪೆಲ್ಲ ನೀರು ಬಿಡ್ತಾ ಇತ್ತು. ಉಪ್ಪು ಕರಗಿದ್ರೆ ದೃಷ್ಟಿ ಜೋರಾಗಿ ಎಳ್ಕೊಂಡೈತೆ ಅಂತ. ಕರಗಿದಂಗೆಲ್ಲ ಇನ್ನಷ್ಟು ಹಾಕ್ತಾ ಬಂದೆ."

ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಮಳೆಗಾಲದ ಗಾಳಿಗೆ ಡಬ್ಬಿಯಲ್ಲಿಟ್ಟ ಕಲ್ಲುಪ್ಪೇ ಬೆವರುತ್ತದೆ. ದಿನಾ ಮುಚ್ಚಳ ತೆಗೆದು ಹಾಕುವ ಡ್ರಮ್ಮಿನಲ್ಲಿ ಬೆವರದೆ ಇದ್ದೀತೆ? ಆ ನೀರಿಗೆ ನುಚ್ಚು ಕೆಟ್ಟಿದೆ, ಉಪ್ಪು ಬೆರೆತ ಬೂಷ್ಟು ತಿಂದು ಕೋಳಿ ಸತ್ತಿವೆ. ಇದನ್ನೆಲ್ಲ ಏರಿದ ದನಿಯಲ್ಲೇ ಹೇಳಿದೆ. ಅತ್ತೆ ಮೊರವನ್ನು ಕೆಳಗಿಟ್ಟು ಕೇಳಿಸಿಕೊಂಡರು. ಎರಡು ಕೋಳಿ ತಮ್ಮ ಕೈಯಿಂದ ಹೋದವು ಅನ್ನುವುದು ಅವರಿಗೆ ನಾಟಿತೋ ಇಲ್ಲವೋ, ಮುಖ ನೋಡಿದರೆ ಗೊತ್ತಾಗಲಿಲ್ಲ.

"ಹೋಗ್ಲಿ, ಪಕ್ಕದ ಮನೆಯವಳ ಕಣ್ಣು ಅಂತ ನನಗೊಂದು ಮಾತು ಹೇಳಬಾರ್ದಿತ್ತಾ?" ಎಂದೆ.

"ಅವಳ ಕಣ್ಣು ಯಾಕೆ? ಅವಳು ಕೋಳಿ ಕಂಡ್ರೆ ಮೂಗು ಮುಚ್ಕೊಂಡು ಓಡ್ತಾಳೆ. ನಿನ್ನ ಕಣ್ಣಿಗೆ ಕಣವ್ವ ಹಾಕಿದ್ದು."

"ನನ್ನ ಕಣ್ಣಿಗಾ?"

"ಬೆಳಗಾದ್ರೆ ಎದುರಿಗೆ ಕೂತ್ಕೊಂಡು, ಹೆಂಗೆ ತುಂಬ್ಕೊಂಡವೆ, ನನ್ನ ಮಗಳಿಗೆ ನನ್ನ ಮಗಳಿಗೆ ಅಂತಿದ್ಯಲ್ಲ. ಅಷ್ಟು ಆಸೆಯಿಂದ ಯಾರಾದ್ರೂ ನೋಡ್ತಾರಾ? ಹೊರಗಿನವರದ್ದು ಹೆಂಗಾದ್ರೂ ತಡ್ಕೋಬಹುದು. ಹೆತ್ತೋಳ ಕಣ್ಣು ತಡೆಯಲ್ಲ." ಅವರ ದನಿಯಲ್ಲಿ ಬೈಗುಳವೇ ಇರಲಿಲ್ಲ. ಹಲ್ಲುನೋವಿಗೆ ಮದ್ದು ಹೇಳುವ ಹಾಗೆ ಹೇಳಿದರು. "ನಿನಗೆ ಬೇಜಾರಾಗ್ತದೆ ಅಂತ ಹೇಳ್ಲಿಲ್ಲ."

ಅವತ್ತೇ ಡ್ರಮ್ಮು ತೊಳೆದು ಬಿಸಿಲಿಗೆ ಮಗುಚಿ ಹಾಕಿದೆ. ಕೆಟ್ಟ ನುಚ್ಚನ್ನು ಗುಂಡಿ ತೋಡಿ ಮುಚ್ಚಿದೆ. ಮತ್ತೆ ಹೊಸ ಫೀಡು ತರಲು ಹೋದಾಗ ಸಾಹೇಬರ ಮುಖ ನೋಡದೆ ಮೂಟೆ ಹೊರಿಸಿಕೊಂಡು ಬಂದೆ. ಪಕ್ಕದ ಮನೆಯಾಕೆ ಈಗಲೂ ನನ್ನ ಜೊತೆ ಸರಿಯಾಗಿ ಮಾತಾಡುವುದಿಲ್ಲ, ಅದು ನ್ಯಾಯವೇ. ಒಣಗಿದ ಕಾಳು ತಿಂದು ಉಳಿದ ಕೋಳಿಗಳು ಚೇತರಿಸಿಕೊಂಡವು. ಕಾರಣ ಉಪ್ಪೇ ಎಂಬುದರಲ್ಲಿ ನನಗೆ ಸಂದೇಹವಿಲ್ಲ. ದೃಷ್ಟಿಗಿಷ್ಟಿಯನ್ನು ನಾನು ನಂಬುವವಳಲ್ಲ.

ಆದರೂ ಗೂಡಿನ ಮುಂದೆ ಕೂರುವುದನ್ನು ಬಿಟ್ಟೆ. ಕಾಳು ಎರಚಿ ಬೆನ್ನು ತಿರುಗಿಸಿ ಬಂದುಬಿಡುತ್ತಿದ್ದೆ. ಯಾಕೆ ಎಂದು ನನ್ನನ್ನು ನಾನು ಕೇಳಿಕೊಳ್ಳಲಿಲ್ಲ.

ತುಂತುರು ಬೀಳುತ್ತಿದ್ದ ಒಂದು ಸಂಜೆ ಮಗಳು ಆಟೋದಿಂದ ಇಳಿದಳು. ಸೊಂಟಕ್ಕೆ ಕೈ ಕೊಟ್ಟು, ಕೆಸರು ದಾಟಿ, ನಿಧಾನಕ್ಕೆ ಬಾಗಿಲಿಗೆ ಬಂದಳು. ಮುಖ ತುಂಬಿಕೊಂಡಿತ್ತು, ಹೊಟ್ಟೆ ಮುಂದೆ ಬಂದಿತ್ತು. ಎಷ್ಟು ಚೆನ್ನಾಗಿ ಕಾಣುತ್ತಿದ್ದಾಳೆ ಎಂದು ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡೆ. ಕಣ್ಣು ತಾನಾಗಿ ನೆಲಕ್ಕೆ ಹೋಯಿತು. ಅವಳ ಒದ್ದೆ ಚಪ್ಪಲಿಯನ್ನೇ ನೋಡುತ್ತಾ ನಿಂತೆ.

"ಏನಮ್ಮಾ, ಇಷ್ಟು ದಿನ ಆದ್ಮೇಲೆ ಬಂದಿದೀನಿ, ಮುಖ ಎತ್ತಿ ನೋಡ್ಬಾರ್ದಾ?" ಎಂದಳು.

"ನೋಡ್ತೀನಿ ಇರು" ಎಂದು ಅವಳ ಬ್ಯಾಗು ಎತ್ತಿಕೊಂಡು ಒಳಗೆ ನಡೆದೆ.